ಕಾರ್ಬ್ಯುರೇಟರ್ ಬಿಚ್ಚುವ ಮೊದಲು

ಹಳೆಯ ಕಾರು ಬೆಳಿಗ್ಗೆ ಸ್ಟಾರ್ಟ್ ಆಗದೆ ಹಟ ಹಿಡಿದರೆ ನಮ್ಮಲ್ಲಿ ಹೆಚ್ಚಿನವರ ಕೈ ಮೊದಲು ಹೋಗುವುದು ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿನ ಕಡೆಗೆ. ಬಾನೆಟ್ ಎತ್ತಿದ ಕೂಡಲೇ ಎದುರಿಗೆ ಕಾಣುವುದು ಅದು, ಅದರ ಸ್ಕ್ರೂಗಳು ಸುಲಭವಾಗಿ ಕೈಗೆಟಕುತ್ತವೆ, ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಜೆಟ್ ಬಿಚ್ಚಿ ಊದಿ ಮತ್ತೆ ಕೂರಿಸಿದರೆ ಏನೋ ಒಂದು ಕೆಲಸ ಮಾಡಿದ ಸಮಾಧಾನವೂ ಸಿಗುತ್ತದೆ. ಆದರೆ ಅನೇಕ ವರ್ಷ ಹಳೆಯ ಕಾರುಗಳ ಜೊತೆ ಕಳೆದ ಮೇಲೆ ನನಗೆ ಖಚಿತವಾಗಿರುವ ಮಾತೆಂದರೆ, ಪೆಟ್ರೋಲಿನ ಕಾರಣಕ್ಕೆ ಸ್ಟಾರ್ಟ್ ಆಗದ ಕಾರಿನಲ್ಲಿ ಕಾರ್ಬ್ಯುರೇಟರನ್ನು ಎಲ್ಲಕ್ಕಿಂತ ಕೊನೆಗೆ ಬಿಚ್ಚಬೇಕು. ಟ್ಯಾಂಕಿನಲ್ಲೋ ಪಂಪಿನಲ್ಲೋ ರಬ್ಬರ್ ಪೈಪಿನಲ್ಲೋ ಇರುವ ದೋಷದ ಹೊಣೆಯನ್ನು ಅದು ವಿನಾಕಾರಣ ಹೊರುತ್ತದೆ. ಪದೇ ಪದೇ ಬಿಚ್ಚಿದ ಕಾರ್ಬ್ಯುರೇಟರಿನ ಹಿತ್ತಾಳೆ ಜೆಟ್ಟುಗಳ ತಲೆ ಸವೆದು, ಗ್ಯಾಸ್ಕೆಟ್ ಹರಿದು, ಮೊದಲು ಇಲ್ಲದಿದ್ದ ತೊಂದರೆ ಆಮೇಲೆ ನಿಜವಾಗಿಯೂ ಬಂದು ಸೇರಿಕೊಳ್ಳುತ್ತದೆ.

ಧರ್ಮಸ್ಥಳದ ಕಾರು ಸಂಗ್ರಹಾಲಯದಂಥ ಕಡೆ ಸಾಲಾಗಿ ನಿಂತ ಹಳೆಯ ವಾಹನಗಳನ್ನು ನೋಡುವುದೇ ಒಂದು ಸಂತೋಷ. ನಾನು ಇಲ್ಲಿ ಮಾತನಾಡುತ್ತಿರುವುದು ರಸ್ತೆಗೆ ಇಳಿಯಬೇಕಾದ, ಮನೆಯವರನ್ನು ಕೂರಿಸಿಕೊಂಡು ಊರಿಗೆ ಹೋಗಿ ಬರಬೇಕಾದ ಕಾರುಗಳ ಬಗ್ಗೆ. ಉದಾಹರಣೆಗೆ ನನಗೆ ಚೆನ್ನಾಗಿ ಪರಿಚಯವಿರುವ ಪ್ರೀಮಿಯರ್ ಪದ್ಮಿನಿಯನ್ನೇ ತೆಗೆದುಕೊಳ್ಳುತ್ತೇನೆ. 1964ರಲ್ಲಿ ಫಿಯೆಟ್ 1100 ಡಿಲೈಟ್ ಆಗಿ ಮುಂಬಯಿಯ ಕುರ್ಲಾದಲ್ಲಿ ತಯಾರಾಗತೊಡಗಿ, 1974ರಲ್ಲಿ ಪದ್ಮಿನಿ ಎಂಬ ಹೆಸರು ಪಡೆದ ಈ ಕಾರಿನ 1089 ಸಿಸಿ ಎಂಜಿನ್ನಿಗೆ ಪೆಟ್ರೋಲ್ ಪೂರೈಸುವ ವ್ಯವಸ್ಥೆಯಲ್ಲಿ ಗಣಕವೂ ಇಲ್ಲ, ಸೆನ್ಸರೂ ಇಲ್ಲ. ಹಿಂದಿನ ಟ್ಯಾಂಕಿನಿಂದ ಒಂದು ಲೋಹದ ಪೈಪು ಕಾರಿನ ಅಡಿಯಲ್ಲಿ ಮುಂದೆ ಬರುತ್ತದೆ. ಅದರ ತುದಿಗೆ ಒಂದು ಗೇಣು ರಬ್ಬರ್ ಪೈಪು. ಅಲ್ಲಿಂದ ಮೆಕ್ಯಾನಿಕ್‌ಗಳು ಎ.ಸಿ. ಪಂಪ್ ಎಂದು ಕರೆಯುವ, ಎಂಜಿನ್ನಿನ ಕ್ಯಾಮ್‌ಶಾಫ್ಟ್ ತಳ್ಳಿದಾಗ ಕೆಲಸ ಮಾಡುವ, ಡಯಾಫ್ರಮ್ ಎಂಬ ಮೆತ್ತನೆಯ ಪೊರೆಯಿರುವ ಪಂಪು, ಅಲ್ಲಿಂದ ಕಾರ್ಬ್ಯುರೇಟರಿನ ಬಟ್ಟಲು, ಬಟ್ಟಲಿನಿಂದ ಜೆಟ್, ಜೆಟ್ಟಿನಿಂದ ಗಾಳಿಯ ಜೊತೆ ಎಂಜಿನ್ನಿಗೆ. ಅಂಬಾಸಿಡರ್ ಇಟ್ಟುಕೊಂಡವರಿಗೂ ಈ ಮಾತುಗಳಲ್ಲಿ ಬಹುಪಾಲು ಅನ್ವಯಿಸುತ್ತವೆ. ಇದು ಕವಲಿಲ್ಲದ ಒಂದೇ ದಾರಿ. ಹಾಗಾಗಿ ಮಧ್ಯದಲ್ಲಿ ಒಂದು ಕಡೆ ನಿಂತು ನೋಡಿದರೆ ದೋಷ ನಮ್ಮ ಹಿಂದಿದೆಯೋ ಮುಂದಿದೆಯೋ ಎಂದು ಹೇಳಿಬಿಡಬಹುದು.

ಅದಕ್ಕೂ ಮೊದಲು ಕಿಡಿ ಬರುತ್ತಿದೆಯೇ ಎಂದು ನೋಡಿಕೊಳ್ಳಲೇಬೇಕು. ಪೆಟ್ರೋಲ್ ಬರುತ್ತಿಲ್ಲ ಎಂದುಕೊಂಡ ಎಷ್ಟೋ ಕಾರುಗಳಲ್ಲಿ ಕೆಟ್ಟಿರುವುದು ಕಿಡಿ ಹುಟ್ಟಿಸುವ ವ್ಯವಸ್ಥೆಯ ಕಂಡೆನ್ಸರ್ ಅಥವಾ ಸುಟ್ಟ ಪಾಯಿಂಟ್. ಕಾರ್ಬ್ಯುರೇಟರಿನಿಂದ ದೂರದಲ್ಲಿ, ಒಂದು ಪ್ಲಗ್ಗನ್ನು ಎಂಜಿನ್ನಿನ ಮೈಗೆ ಒತ್ತಿ ಹಿಡಿಸಿ, ಸೆಲ್ಫ್ ಹೊಡೆಸಿದಾಗ ನೀಲಿ ಕಿಡಿ ಚಟಚಟನೆ ಹಾರಿದರೆ ಮುಂದೆ ಹೋಗೋಣ.

ಮುಂದಿನ ಪರೀಕ್ಷೆಗೆ ಬೇಕಾಗಿರುವುದು ಒಂದು ಟಾರ್ಚ್ ಮಾತ್ರ. ಏರ್ ಕ್ಲೀನರನ್ನು ತೆಗೆದು ಪಕ್ಕಕ್ಕಿಟ್ಟು, ಎಂಜಿನ್ ನಿಂತಿರುವಾಗಲೇ, ಕಾರ್ಬ್ಯುರೇಟರಿನ ಗಂಟಲಿನೊಳಗೆ ಬೆಳಕು ಬಿಟ್ಟು ನೋಡುತ್ತಾ ಆಕ್ಸಿಲರೇಟರ್ ಲಿವರನ್ನು ಕೈಯಿಂದ ಒಮ್ಮೆ ಪೂರ್ತಿ ತಿರುಗಿಸಬೇಕು. ಒಳಗಿರುವ ಸಣ್ಣ ಹಿತ್ತಾಳೆ ನಳಿಗೆಯಿಂದ ಹೊಲಿಗೆ ದಾರದಷ್ಟು ತೆಳ್ಳಗಿನ ಪೆಟ್ರೋಲ್ ಧಾರೆ ಚಿಮ್ಮಿ, ಕೆಳಗಿನ ತಟ್ಟೆಗೆ ಬಡಿದು ಆವಿಯಾಗುವುದು ಕಾಣುತ್ತದೆ. ಧಾರೆ ಬಂದರೆ ಬಟ್ಟಲಿನಲ್ಲಿ ಪೆಟ್ರೋಲ್ ಇದೆ. ಟ್ಯಾಂಕ್, ಪೈಪು, ಪಂಪು ಸದ್ಯಕ್ಕೆ ತಮ್ಮ ಕೆಲಸ ಮಾಡಿವೆ. ಎರಡು ಮೂರು ಸಲ ತಿರುಗಿಸಿದರೂ ಗಂಟಲು ಒಣಗಿಯೇ ಇದ್ದರೆ, ಬಹಳ ಮಟ್ಟಿಗೆ ಬಟ್ಟಲು ಖಾಲಿ. ಬಹಳ ಮಟ್ಟಿಗೆ ಎಂದೆ, ಏಕೆಂದರೆ ಈ ಧಾರೆಯನ್ನು ಚಿಮ್ಮಿಸುವ, ಕಾರ್ಬ್ಯುರೇಟರಿನಲ್ಲೇ ಇರುವ ಆಕ್ಸಿಲರೇಟರ್ ಪಂಪಿನ ಪುಟ್ಟ ಡಯಾಫ್ರಮ್ ಹರಿದಿದ್ದರೂ ಧಾರೆ ಬರುವುದಿಲ್ಲ. ಈ ಸಂಶಯ ತೀರಬೇಕಾದರೆ ಪ್ಲಗ್ ಬಿಚ್ಚಿ ನೋಡಬೇಕು. ಚೆನ್ನಾಗಿ ಸೆಲ್ಫ್ ಹೊಡೆದ ಮೇಲೂ ಪ್ಲಗ್ಗಿನ ತುದಿ ಒಣಗಿದ್ದು ಪೆಟ್ರೋಲ್ ವಾಸನೆಯೇ ಇಲ್ಲದಿದ್ದರೆ ಎಂಜಿನ್ನಿಗೆ ಪೆಟ್ರೋಲ್ ತಲುಪುತ್ತಿಲ್ಲ. ತುದಿ ತೊಯ್ದು ತೊಟ್ಟಿಕ್ಕುವಂತಿದ್ದರೆ ಬೇಕಾದ್ದಕ್ಕಿಂತ ಹೆಚ್ಚು ಬಂದಿದೆ. ಈ ಎರಡರ ವ್ಯತ್ಯಾಸ ತಿಳಿಯದೆ ಶುರುಮಾಡಿದ ರಿಪೇರಿ ಕತ್ತಲೆಯಲ್ಲಿ ತಡಕಾಡಿದಂತೆ.

ಬಟ್ಟಲು ಖಾಲಿಯಾಗಿದೆ ಎಂದು ತಿಳಿದ ಮೇಲೆ ಹಿಂದಕ್ಕೆ, ಟ್ಯಾಂಕಿನ ಕಡೆಗೆ ನಡೆಯಬೇಕು. ಇಲ್ಲಿ ನನ್ನದೇ ಅನುಭವವೊಂದನ್ನು ಹೇಳುತ್ತೇನೆ. ನಮ್ಮ ಮನೆಯ ಪದ್ಮಿನಿಯಲ್ಲಿ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೊರಟಿದ್ದೆವು. ತುಮಕೂರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರು ಎರಡು ಸಲ ಮುಗ್ಗರಿಸಿ ನಿಂತಿತು. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಕಾಲು ಗಂಟೆ ಬಿಟ್ಟು ಹೊಡೆದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ, ಮತ್ತೆ ಹದಿನೈದು ಇಪ್ಪತ್ತು ಕಿಲೋಮೀಟರಿಗೆ ಅದೇ ಕಥೆ. ದಾರಿಯ ಒಂದು ಗ್ಯಾರೇಜಿನಲ್ಲಿ ಕಾರ್ಬ್ಯುರೇಟರ್ ಬಿಚ್ಚಿ ತೊಳೆದರು. ಮುಂದಿನ ಊರಿನಲ್ಲಿ ಮತ್ತೊಬ್ಬರು ಪುನಃ ಬಿಚ್ಚಿದರು. ತಿಪಟೂರಿನ ಹತ್ತಿರ ಮೂರನೆಯ ಸಲ ನಿಂತಾಗ, ಪೆಟ್ರೋಲ್ ಎಷ್ಟಿದೆ ನೋಡೋಣ ಎಂದು ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಉಸ್ಸೆಂದು ಗಾಳಿ ಒಳಗೆ ನುಗ್ಗಿದ ಸದ್ದು ಸ್ಪಷ್ಟವಾಗಿ ಕೇಳಿಸಿತು. ಆ ವಾರವಷ್ಟೇ ಹೊಸ ಮುಚ್ಚಳ ಹಾಕಿಸಿದ್ದೆವು, ಅದರಲ್ಲಿ ಉಸಿರಾಟದ ರಂಧ್ರವೇ ಇರಲಿಲ್ಲ. ಪೆಟ್ರೋಲ್ ಖಾಲಿಯಾದಷ್ಟು ಜಾಗಕ್ಕೆ ಗಾಳಿ ಬರದಿದ್ದರೆ ಟ್ಯಾಂಕಿನೊಳಗೆ ನಿರ್ವಾತ ಬೆಳೆಯುತ್ತದೆ, ಪಂಪು ಎಷ್ಟು ಎಳೆದರೂ ಪೆಟ್ರೋಲ್ ಮುಂದೆ ಬರುವುದಿಲ್ಲ. ನಿಂತು ಕಾದಾಗ ಎಲ್ಲೋ ಒಂದು ಸಂದಿಯಿಂದ ಗಾಳಿ ನಿಧಾನವಾಗಿ ಸೇರಿಕೊಂಡು ಒತ್ತಡ ಸಮನಾಗುತ್ತದೆ. ಮುಚ್ಚಳವನ್ನು ಅರ್ಧ ಸಡಿಲ ಮಾಡಿ ಅದರ ಮೇಲೆ ಬಟ್ಟೆ ಕಟ್ಟಿಕೊಂಡು ಶಿವಮೊಗ್ಗ ತಲುಪಿದೆವು, ದಾರಿಯಲ್ಲಿ ಮತ್ತೆ ಕಾರು ನಿಲ್ಲಲಿಲ್ಲ. ಹಾಗೆ ಮಾಡಿದ್ದು ಸುರಕ್ಷಿತವಲ್ಲ, ಯಾರಿಗೂ ಅದನ್ನು ಶಿಫಾರಸು ಮಾಡುವುದಿಲ್ಲ. ಆದರೆ ಅಂದಿನಿಂದ ಕಾರು ನಿಂತ ಕಡೆ ನಾನು ಮೊದಲು ತೆರೆಯುವುದು ಟ್ಯಾಂಕಿನ ಮುಚ್ಚಳವನ್ನು.

ಟ್ಯಾಂಕಿನ ತಳದ ತುಕ್ಕು ಇನ್ನೊಂದು ವಿಚಾರ. ಪೆಟ್ರೋಲ್ ಎಳೆಯುವ ಕೊಳವೆಯ ತುದಿಯಲ್ಲಿರುವ ಜಾಲರಿಗೆ ಕೆಂಪು ಪುಡಿ ಬಂದು ಅಂಟಿಕೊಂಡರೆ, ಕಾರು ನಿಂತಾಗ ಅದು ಕಳಚಿ ಕೆಳಗೆ ಬೀಳುತ್ತದೆ, ಓಡುವಾಗ ಮತ್ತೆ ಅಂಟುತ್ತದೆ. ಲಕ್ಷಣ ಮುಚ್ಚಳದ ದೋಷದಂತೆಯೇ ಇರುತ್ತದೆ, ಉಸ್ಸೆಂಬ ಸದ್ದು ಮಾತ್ರ ಇರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನರನ್ನು ಸತಾಯಿಸುವುದು ಪಂಪಿಗೆ ಹಿಂದಿನ ರಬ್ಬರ್ ಪೈಪು. ಪಂಪಿನಿಂದ ಮುಂದೆ ಪೆಟ್ರೋಲ್ ಒತ್ತಡದಲ್ಲಿರುತ್ತದೆ, ಅಲ್ಲಿ ಬಿರುಕಿದ್ದರೆ ಹನಿ ಜಿನುಗಿ ಕಣ್ಣಿಗೆ ಕಾಣುತ್ತದೆ, ಮೂಗಿಗೂ ತಿಳಿಯುತ್ತದೆ. ಪಂಪಿನ ಹಿಂದಿನದು ಎಳೆತದ ಭಾಗ. ಅಲ್ಲಿನ ಬಿರುಕಿನಿಂದ ಪೆಟ್ರೋಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಹೊರಗಿನಿಂದ ಪೈಪು ಒಣಗಿ ಸ್ವಚ್ಛವಾಗಿ ಕಾಣುತ್ತದೆ, ಆದರೆ ಪಂಪು ಪೆಟ್ರೋಲಿಗಿಂತ ಗಾಳಿಯನ್ನೇ ಹೆಚ್ಚು ಎಳೆಯುತ್ತಿರುತ್ತದೆ. ಒಂದು ತುಂಡು ಪಾರದರ್ಶಕ ಪೈಪನ್ನು ಪಂಪಿನ ಮುಂಚೆ ತಾತ್ಕಾಲಿಕವಾಗಿ ಸೇರಿಸಿ ಸೆಲ್ಫ್ ಹೊಡೆದರೆ ಸಾಲುಸಾಲಾಗಿ ಗುಳ್ಳೆ ಓಡುವುದು ಕಾಣುತ್ತದೆ. ಪರೀಕ್ಷೆ ಮುಗಿದ ಕೂಡಲೇ ಆ ತುಂಡನ್ನು ತೆಗೆದುಬಿಡಬೇಕು, ಏಕೆಂದರೆ ಎಂಜಿನ್ನಿನ ಶಾಖಕ್ಕೆ ಅದು ತಾಳುವುದಿಲ್ಲ.

ಪಂಪಿನ ಪರೀಕ್ಷೆಗೆ ಕಾರ್ಬ್ಯುರೇಟರಿನ ಕಡೆಯ ಪೈಪನ್ನು ಬಿಚ್ಚಿ ಒಂದು ಲೋಹದ ಡಬ್ಬಿಗೆ ಬಿಟ್ಟು, ಕಾಯಿಲ್‌ಗೆ ಹೋಗುವ ತಂತಿಯನ್ನು ಕಿಡಿ ಹಾರದಂತೆ ಕಳಚಿ, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಬೇಕು. ನಾಡಿ ಬಡಿದಂತೆ ಬಿಟ್ಟು ಬಿಟ್ಟು ಬಲವಾಗಿ ಪೆಟ್ರೋಲ್ ಬಂದರೆ ಪಂಪು ಸರಿಯಿದೆ. ಡಯಾಫ್ರಮ್ ಹರಿದ ಪಂಪನ್ನು ಮಾತ್ರ ಒಂದು ದಿನವೂ ಓಡಿಸಬಾರದು. ಹರಿದ ಜಾಗದಿಂದ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಸೇರಿಕೊಳ್ಳಬಹುದು. ಆಗ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದಂತೆ ಕಾಣುತ್ತದೆ, ಮೂಸಿದರೆ ಪೆಟ್ರೋಲ್ ವಾಸನೆ ಬರುತ್ತದೆ. ಆಯಿಲ್ ಕಡಿಮೆಯಾಗಿಲ್ಲವಲ್ಲ ಎಂದು ಸಂತೋಷಪಟ್ಟು ಬೇರಿಂಗ್ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಈಗ ಎದುರು ತುದಿಯ ದೋಷಕ್ಕೆ ಬರೋಣ. ಪ್ಲಗ್ ತೊಯ್ದಿದೆ, ಬಾನೆಟ್ ಎತ್ತಿದರೆ ವಾಸನೆ ಮೂಗಿಗೆ ರಾಚುತ್ತದೆ. ಬಟ್ಟಲಿನ ಮಟ್ಟ ಏರಿದಾಗ ಪೆಟ್ರೋಲನ್ನು ತಡೆಯಬೇಕಾದ ನೀಡಲ್ ವಾಲ್ವ್ ಸವೆದಿರಬಹುದು, ಅದರ ಬಾಯಿಗೆ ಒಂದು ಕಣ ಕಸ ಸಿಕ್ಕಿಕೊಂಡಿರಬಹುದು, ಇಲ್ಲವೇ ಆ ವಾಲ್ವನ್ನು ಮುಚ್ಚಿಸುವ ತೇಲುಗುಂಡು, ಅಂದರೆ ಫ್ಲೋಟ್, ತೂತಾಗಿ ತೇಲುವ ಬದಲು ಮುಳುಗುತ್ತಿರಬಹುದು. ಹಿತ್ತಾಳೆಯ ಫ್ಲೋಟ್ ಆಗಿದ್ದರೆ ಅದನ್ನು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ. ಎಳನೀರಿನ ಕಾಯಿ ಅಲ್ಲಾಡಿಸಿದಂತೆ ಒಳಗೆ ಸದ್ದಾದರೆ ಪೆಟ್ರೋಲ್ ಹೊಕ್ಕಿದೆ. ತೂತು ಎಲ್ಲಿದೆ ಎಂದು ಕಣ್ಣಿಗೆ ಕಾಣದಿದ್ದರೆ, ಒಲೆಯಿಂದ ದೂರ ತಂದಿಟ್ಟ ಬಿಸಿನೀರಿನಲ್ಲಿ ಅದನ್ನು ಅದ್ದಿ ಹಿಡಿದಾಗ, ಬೆಸುಗೆಯ ಅಂಚಿನಿಂದ ಸೂಜಿಮೊನೆಯಷ್ಟು ಸಣ್ಣ ಗುಳ್ಳೆಗಳು ಒಂದೇ ಸಾಲಿನಲ್ಲಿ ಮೇಲೇರುತ್ತವೆ. ಅಲ್ಲಿಗೇ ಬೆಸುಗೆ ಹಾಕಿಸುವ ಆಸೆಯಾಗುತ್ತದೆ. ಒಳಗೆ ಪೆಟ್ರೋಲ್ ಆವಿ ಉಳಿದಿರುವ ಫ್ಲೋಟಿಗೆ ಬೆಸುಗೆಯ ಶಾಖ ತಾಗಿಸುವುದು ಅಪಾಯ. ಜೊತೆಗೆ ಹೆಚ್ಚಿದ ಸೀಸದ ತೂಕಕ್ಕೆ ಫ್ಲೋಟ್ ತಗ್ಗಿನಲ್ಲಿ ತೇಲಿ ಬಟ್ಟಲಿನ ಮಟ್ಟ ಮತ್ತೆ ಏರುತ್ತದೆ. ಹೊಸದು ಹುಡುಕಿ ಹಾಕುವುದೇ ಸರಿ. ಪದ್ಮಿನಿಯ ಸೋಲೆಕ್ಸ್ ಕಂಪನಿಯ ಕಾರ್ಬ್ಯುರೇಟರಿನಲ್ಲಿ ನೀಡಲ್ ವಾಲ್ವಿನ ಕೆಳಗಿನ ವಾಷರ್ ಎಷ್ಟು ದಪ್ಪವಿದೆ ಎಂಬುದರಿಂದ ಬಟ್ಟಲಿನ ಮಟ್ಟ ನಿರ್ಧಾರವಾಗುತ್ತದೆ. ಆದ್ದರಿಂದ ಕೈಗೆ ಸಿಕ್ಕ ಯಾವುದೋ ವಾಷರ್ ಹಾಕಿ ಬಿಗಿಯುವ ಅಭ್ಯಾಸವನ್ನು ಬಿಡಬೇಕು.

ಕಾರಿನಲ್ಲಿ ಯಾವ ದೋಷವೂ ಇಲ್ಲದೆ ನಮ್ಮ ಕಾಲೇ ಸ್ಟಾರ್ಟ್ ಕೆಡಿಸುವುದೂ ಉಂಟು. ನಮ್ಮ ಪದ್ಮಿನಿಗಳ ಸೋಲೆಕ್ಸ್‌ನಲ್ಲಿ ಚೋಕ್, ಅಂದರೆ ತಣ್ಣಗಿನ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಕೊಡುವ ಭಾಗ, ಗಂಟಲಿಗೆ ಅಡ್ಡ ಬರುವ ತಟ್ಟೆಯಲ್ಲ. ಪಕ್ಕದಲ್ಲಿ ತನ್ನದೇ ಜೆಟ್ ಇರುವ, ಕೇಬಲ್ ಎಳೆದಾಗ ತಿರುಗುವ ಬಿಲ್ಲೆಯೊಂದರಿಂದ ತೆರೆದುಕೊಳ್ಳುವ, ಪುಟ್ಟ ಕಾರ್ಬ್ಯುರೇಟರಿನಂಥದೇ ಒಂದು ಭಾಗವಿದೆ. ಅದು ಕೆಲಸ ಮಾಡುವುದು ಆಕ್ಸಿಲರೇಟರ್ ಮುಚ್ಚಿದ್ದಾಗ ಎಂಜಿನ್ ಉಂಟುಮಾಡುವ ಎಳೆತದಿಂದ. ಚೋಕ್ ಎಳೆದು ಜೊತೆಗೇ ಆಕ್ಸಿಲರೇಟರನ್ನೂ ತುಳಿದರೆ ಆ ಎಳೆತ ಕುಸಿದು ಚೋಕ್ ಇದ್ದೂ ಇಲ್ಲದಂತಾಗುತ್ತದೆ. ತಣ್ಣಗಿನ ಎಂಜಿನ್ನಿಗೆ ಚೋಕನ್ನು ಪೂರ್ತಿ ಎಳೆದು, ಕಾಲನ್ನು ಪೆಡಲಿನಿಂದ ತೆಗೆದು, ಸೆಲ್ಫ್ ಹೊಡೆಯಬೇಕು. ಗಂಟಲಿನಲ್ಲಿ ತಟ್ಟೆ ಇರುವ ಕಾರುಗಳ ಅಭ್ಯಾಸ ಬೇರೆ, ಆದ್ದರಿಂದ ನಿಮ್ಮ ಕಾರಿನಲ್ಲಿ ಯಾವ ಬಗೆಯದು ಇದೆ ಎಂದು ಒಮ್ಮೆ ಏರ್ ಕ್ಲೀನರ್ ತೆಗೆದು ನೋಡಿಟ್ಟುಕೊಳ್ಳಿ.

ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಆಗದಿರುವ ಸಮಸ್ಯೆಗೆ ಹೆಚ್ಚು ಗಮನ ಕೊಡಬೇಕು, ಏಕೆಂದರೆ ಇಲ್ಲಿ ಎರಡು ವಿರುದ್ಧ ದೋಷಗಳು ಒಂದೇ ವೇಷದಲ್ಲಿ ಬರುತ್ತವೆ. ಶಿರಾಡಿ ಘಾಟಿಯನ್ನು ಏಪ್ರಿಲ್ ಮಧ್ಯಾಹ್ನ ಎರಡನೇ ಗೇರಿನಲ್ಲಿ ಹತ್ತಿ ಮೇಲೆ ಬಂದು, ಚಹಾ ಕುಡಿಯಲು ನಿಲ್ಲಿಸಿ, ಹತ್ತು ನಿಮಿಷದ ನಂತರ ಸೆಲ್ಫ್ ಹೊಡೆದರೆ ಕಾರು ಹತ್ತಿಕೊಳ್ಳುವುದಿಲ್ಲ. ಓಡುವಾಗ ನೀರು, ಗಾಳಿ, ಹರಿಯುವ ಪೆಟ್ರೋಲ್ ಎಲ್ಲವೂ ಶಾಖವನ್ನು ಒಯ್ಯುತ್ತಿರುತ್ತವೆ. ನಿಲ್ಲಿಸಿದ ಮೇಲೆ ಎಂಜಿನ್ನಿನ ಶಾಖ ಹೋಗಲು ದಾರಿಯಿಲ್ಲದೆ ಪಂಪಿಗೂ ಕಾರ್ಬ್ಯುರೇಟರಿಗೂ ಏರುತ್ತದೆ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ, ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ತಗ್ಗಿ ಇನ್ನೂ ಬೇಗ ಕುದಿಯುತ್ತವೆ. ಪೈಪಿನಲ್ಲೋ ಪಂಪಿನಲ್ಲೋ ಪೆಟ್ರೋಲ್ ಆವಿಯಾದರೆ, ದ್ರವವನ್ನು ತಳ್ಳಲು ಮಾಡಿದ ಪಂಪು ಆವಿಯನ್ನು ಹಿಂಡುತ್ತಾ ಕೂರುತ್ತದೆ, ಬಟ್ಟಲು ಖಾಲಿಯಾಗುತ್ತದೆ. ಇದನ್ನೇ ವೇಪರ್ ಲಾಕ್ ಎನ್ನುತ್ತೇವೆ. ಬಟ್ಟಲಿನಲ್ಲಿರುವ ಪೆಟ್ರೋಲೇ ಕುದ್ದರೆ ಆಗುವುದು ಇದಕ್ಕೆ ತದ್ವಿರುದ್ಧ: ಅದು ಉಕ್ಕಿ ಜೆಟ್ಟುಗಳ ಮೂಲಕ ಎಂಜಿನ್ನಿಗೆ ಹೋಗುವ ಕೊಳವೆಯಾದ ಮ್ಯಾನಿಫೋಲ್ಡಿಗೆ ಇಳಿದು ಎಂಜಿನ್ನನ್ನು ತೋಯಿಸಿಬಿಡುತ್ತದೆ.

ಮೊದಲನೆಯದಕ್ಕೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣಿಸಿ ಕಾಯಬೇಕು. ಎರಡನೆಯದಕ್ಕೆ ಚೋಕ್ ಮುಟ್ಟದೆ, ಆಕ್ಸಿಲರೇಟರನ್ನು ನೆಲಕ್ಕೆ ತಾಗುವವರೆಗೆ ಒಂದೇ ಸಲ ತುಳಿದು ಹಾಗೇ ಹಿಡಿದು ಸೆಲ್ಫ್ ಹೊಡೆದರೆ ಹೆಚ್ಚು ಗಾಳಿ ಒಳಹೋಗಿ ಹೆಚ್ಚುವರಿ ಪೆಟ್ರೋಲ್ ತೊಳೆದುಹೋಗುತ್ತದೆ. ತುಳಿದು ಬಿಟ್ಟು ತುಳಿದು ಬಿಟ್ಟು ಮಾಡಿದರೆ ಪ್ರತಿ ಸಲವೂ ಆ ಹಿತ್ತಾಳೆ ನಳಿಗೆ ಇನ್ನೊಂದು ಧಾರೆ ಬಿಡುತ್ತದೆ. ಯಾವುದು ಯಾವುದೆಂದು ತಿಳಿಯುವುದು ಮತ್ತೆ ಆ ಟಾರ್ಚಿನಿಂದಲೇ: ಗಂಟಲು ಒಣಗಿದ್ದರೆ ಒಂದು, ಒದ್ದೆಯಾಗಿ ವಾಸನೆ ಬರುತ್ತಿದ್ದರೆ ಇನ್ನೊಂದು. ಶಾಶ್ವತ ಪರಿಹಾರ ಬೇಕಾದರೆ ಪಂಪಿನ ಮತ್ತು ಕಾರ್ಬ್ಯುರೇಟರಿನ ಅಡಿಯಲ್ಲಿರಬೇಕಾದ, ಶಾಖ ತಡೆಯುವ ದಪ್ಪ ಬಿಲ್ಲೆಗಳು ಇನ್ನೂ ಇವೆಯೇ ಎಂದು ನೋಡಿ. ಹಿಂದಿನ ರಿಪೇರಿಯಲ್ಲಿ ಯಾರೋ ಅವನ್ನು ತೆಗೆದು ತೆಳ್ಳಗಿನ ಗ್ಯಾಸ್ಕೆಟ್ ಹಾಕಿಬಿಟ್ಟಿರುವುದನ್ನು ಅನೇಕ ಕಾರುಗಳಲ್ಲಿ ಕಂಡಿದ್ದೇನೆ.

ಇಷ್ಟು ಹೊತ್ತು ಪೆಟ್ರೋಲ್ ಹರಿಯುವ ದಾರಿಯ ಬಗ್ಗೆ ಮಾತನಾಡಿದೆವು. ಪೆಟ್ರೋಲೇ ಬದಲಾಗಿರುವುದನ್ನೂ ನೋಡಬೇಕು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಶೇ. 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲಿನ ಮಾರಾಟಕ್ಕೆ ಪ್ರಧಾನಿಯವರು ಚಾಲನೆ ನೀಡಿದರು, ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಕಬ್ಬು ಬೆಳೆಯುವ ನಾಡಿನವನಾಗಿ ಎಥನಾಲಿನ ಮೇಲೆ ನನಗೆ ದ್ವೇಷವಿಲ್ಲ. ಆದರೆ ಪದ್ಮಿನಿಯ ರಬ್ಬರು, ಗ್ಯಾಸ್ಕೆಟ್, ಜೆಟ್ ಯಾವುವೂ ಅದಕ್ಕಾಗಿ ಮಾಡಿದವಲ್ಲ, ಹೊಂದಿಸಿಕೊಳ್ಳುವ ಕೆಲಸ ನಮ್ಮದು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ ಸುಮಾರು 9 ಕಿಲೋ ಸಾಕು. ಹಳೆಯ ಪೆಟ್ರೋಲಿಗೆ ಹೊಂದಿಸಿದ ಜೆಟ್ಟಿನಿಂದ ಇ20 ಹರಿದಾಗ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ, ಇಂಧನ ಕಡಿಮೆಯಾದಂತಾಗುತ್ತದೆ. ಅಲ್ಲದೆ ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಹೀರುತ್ತದೆ. ಮಡಿಕೇರಿಯ ಡಿಸೆಂಬರ್ ಬೆಳಗಿನಲ್ಲಿ ಮೊದಲಿಗಿಂತ ಹೆಚ್ಚು ಹೊತ್ತು ಚೋಕ್ ಬೇಕಾಗುವುದಕ್ಕೆ ಇದೇ ಕಾರಣ. ಅದು ಕಾರಿನ ಕಾಯಿಲೆಯಲ್ಲ.

ನಿಜವಾದ ಕಾಯಿಲೆ ನೀರಿನದು. ಎಥನಾಲ್ ನೀರನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ, ಮಿತಿ ಮೀರಿದಾಗ ನೀರೂ ಎಥನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪಂಪು ಎಳೆಯುವುದು ತಳದಿಂದ. ಮುಚ್ಚಳದ ರಬ್ಬರ್ ಸವೆದು ಕರಾವಳಿಯ ಮಳೆಗಾಲದಲ್ಲಿ ಅಂಗಳದಲ್ಲಿ ನಿಂತ ಕಾರಿಗೆ ಇದು ಸುಲಭವಾಗಿ ಆಗುವ ಅನಾಹುತ. ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು ಬೆಳಕಿಗೆ ಹಿಡಿದರೆ ಕೆಳಗೆ ಬೇರೆಯದೇ ಪದರ ನಿಂತಿರುವುದು ಕಾಣುತ್ತದೆ. ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆ ಎಂದು ನೋಡಬೇಕೆಂದರೆ, ಅಳತೆಯ ಗೆರೆಗಳಿರುವ ಗಾಜಿನ ಜಾಡಿಯಲ್ಲಿ 50 ಮಿ.ಲೀ. ನೀರಿಗೆ 100 ಮಿ.ಲೀ. ಪೆಟ್ರೋಲ್ ಸೇರಿಸಿ ಕಲಕಿ ಬಿಡಿ. ಸ್ವಲ್ಪ ಹೊತ್ತಿನಲ್ಲಿ ಕೆಳಗಿನ ಪದರ 50ರಲ್ಲಿ ನಿಲ್ಲದೆ 70ರ ಹತ್ತಿರಕ್ಕೆ ಏರಿರುತ್ತದೆ. ಹೆಚ್ಚಾದದ್ದು ನೀರಿಗೆ ಇಳಿದ ಎಥನಾಲ್. ತಿಂಗಳುಗಟ್ಟಲೆ ನಿಂತ ಪೆಟ್ರೋಲನ್ನು ಪತ್ತೆ ಮಾಡಲು ಮೂಗು ಸಾಕು. ಹಗುರ ಅಂಶಗಳೆಲ್ಲ ಹಾರಿಹೋಗಿ ವಾರ್ನಿಶ್ ವಾಸನೆ ಬರುತ್ತಿದ್ದರೆ ಆ ಪೆಟ್ರೋಲಿನಿಂದ ಎಂಜಿನ್ ಹತ್ತಿಸುವ ಪ್ರಯತ್ನ ಬೇಡ. ರಬ್ಬರ್ ಪೈಪುಗಳನ್ನಂತೂ ಎಥನಾಲ್ ತಾಳುವ ಬಗೆಯವಕ್ಕೆ ಈಗಲೇ ಬದಲಿಸಿ.

ಬೆಂಕಿಯ ವಿಚಾರದಲ್ಲಿ ಮಾತ್ರ ನಾನು ಯಾರ ಜೊತೆಗೂ ರಾಜಿಯಾಗುವುದಿಲ್ಲ. ಬಾಟಲಿಯಿಂದ ಕಾರ್ಬ್ಯುರೇಟರಿನ ಗಂಟಲಿಗೆ ಪೆಟ್ರೋಲ್ ಸುರಿಯುತ್ತಾ ಸೆಲ್ಫ್ ಹೊಡೆಸುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಎಂಜಿನ್ ಒಮ್ಮೆ ಹಿಂದಕ್ಕೆ ಉಗುಳಿದರೆ ಉರಿಯುವುದು ಕೈಯಲ್ಲಿರುವ ಬಾಟಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲಕ್ಕೆ ಇಳಿದು ಗ್ಯಾರೇಜಿನ ಗುಂಡಿಯಲ್ಲಿ ತುಂಬಿಕೊಳ್ಳುತ್ತದೆ; ಗುಂಡಿಯ ಮೇಲೆ ನಿಂತ ಕಾರಿನ ಟ್ಯಾಂಕ್ ಬಿಚ್ಚಬೇಡಿ. ಬಯಲಿನಲ್ಲಿ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ಕೆಲಸ ಮಾಡಿ. ಸೆಲ್ಫ್ ಹೊಡೆಸುವ ಪರೀಕ್ಷೆಗೆ ಮಾತ್ರ, ಚೆಲ್ಲಿದ ಪೆಟ್ರೋಲ್ ಒರೆಸಿ ಆರಿದ ಮೇಲೆ, ತಂತಿಯನ್ನು ಮತ್ತೆ ಸೇರಿಸಿ.

ಕಡೆಯದಾಗಿ, ಎರಡು ಮೂರು ವಾರ ನಿಂತ ಕಾರನ್ನು ಎಬ್ಬಿಸುವ ಬಗೆ. ಅಷ್ಟು ದಿನಗಳಲ್ಲಿ ಬಟ್ಟಲಿನ ಪೆಟ್ರೋಲ್ ಆವಿಯಾಗಿ ಹೋಗಿರುತ್ತದೆ. ಸೆಲ್ಫ್ ಹೊಡೆದೇ ಅದನ್ನು ತುಂಬಿಸಲು ಹೋದರೆ ಅರ್ಧ ಬ್ಯಾಟರಿ ಅಲ್ಲಿಯೇ ಮುಗಿಯುತ್ತದೆ. ಹೆಚ್ಚಿನ ಪಂಪುಗಳಿಗೆ ಕೈಯಿಂದ ಒತ್ತುವ ಪುಟ್ಟ ಲಿವರ್ ಇದೆ, ಗ್ರೀಸು ಧೂಳು ಮುಚ್ಚಿ ಅದು ಇರುವುದೇ ಅನೇಕರಿಗೆ ತಿಳಿದಿರುವುದಿಲ್ಲ. ಶುರುವಿನಲ್ಲೇ ಲಿವರ್ ಸಡಿಲವಾಗಿ ಆಡಿದರೆ ಕ್ಯಾಮ್ ಆಗಲೇ ಡಯಾಫ್ರಮನ್ನು ಎಳೆದು ಹಿಡಿದಿದೆ ಎಂದು ಅರ್ಥ. ಎಂಜಿನ್ನನ್ನು ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ. ಈಗ ಪ್ರತಿ ಒತ್ತಿಗೂ ಬೆರಳಿಗೆ ಸ್ಪ್ರಿಂಗಿನ ಬಿಗಿ ತಾಗುತ್ತದೆ, ಕಿವಿಗೊಟ್ಟರೆ ಬಟ್ಟಲಿಗೆ ಪೆಟ್ರೋಲ್ ಇಳಿಯುವ ಸದ್ದೂ ಕೇಳುತ್ತದೆ. ಒತ್ತುತ್ತಾ ಹೋದಂತೆ ಒಂದು ಹಂತದಲ್ಲಿ ಆ ಬಿಗಿ ಇದ್ದಕ್ಕಿದ್ದಂತೆ ಮಾಯವಾಗಿ ಲಿವರ್ ಹಗುರವಾಗುತ್ತದೆ: ಬಟ್ಟಲು ತುಂಬಿ ನೀಡಲ್ ವಾಲ್ವ್ ಮುಚ್ಚಿಕೊಂಡಿದೆ, ಪಂಪಿಗೆ ತಳ್ಳಲು ಜಾಗವಿಲ್ಲ. ಅಷ್ಟಾದ ಮೇಲೆ ಕೈ ಒರೆಸಿಕೊಂಡು ಒಳಗೆ ಕುಳಿತು, ಚೋಕ್ ಪೂರ್ತಿ ಎಳೆದು, ಕಾಲನ್ನು ಪೆಡಲಿನಿಂದ ದೂರವಿಟ್ಟು ಸೆಲ್ಫ್ ಹೊಡೆಯಿರಿ.